ಬಾಣ ಎಡಕ್ಕೇ ಹೋಗುತ್ತಿದೆಯೇ? ಮರದ ರಿಕರ್ವ್ ಬಿಲ್ಲಿನ ದೋಷ ಹುಡುಕುವ ಬಗೆ

ಒಂದಿಡೀ ಬೇಸಿಗೆ ನನ್ನ ಬಾಣಗಳು ಗುರಿಯ ನಡುವಿನಿಂದ ಒಂದು ಗೇಣು ಎಡಕ್ಕೇ ನಾಟುತ್ತಿದ್ದವು. ನನ್ನದು 62 ಇಂಚಿನ ಮರದ ಟೇಕ್‌ಡೌನ್ ರಿಕರ್ವ್, ಅಂದರೆ ತುದಿಗಳು ಮುಂದಕ್ಕೆ ಬಾಗಿದ, ಬಿಚ್ಚಿ ಜೋಡಿಸಬಹುದಾದ ಬಿಲ್ಲು. ಲಿಂಬ್ (ಬಿಲ್ಲಿನ ಬಾಗುವ ತೋಳು) ಮೇಲೆ 35 ಪೌಂಡ್ ಎಂದು ಎಳೆತದ ತೂಕ ಬರೆದಿದೆ. ಗುರಿ ನೋಡುವ ಸೈಟ್ ಇಲ್ಲ, ಅಲುಗಾಟ ತಡೆಯುವ ಸ್ಟೆಬಿಲೈಜರ್ ಇಲ್ಲ, ಬಾಣ ನೇರವಾಗಿ ಶೆಲ್ಫ್ (ಹಿಡಿಯ ಮೇಲೆ ಕೊರೆದ ಮೆಟ್ಟಿಲು) ಮೇಲೇ ಕೂರುತ್ತದೆ. ಮೈದಾನದಲ್ಲಿ ನೋಡಿದವರು ಒಬ್ಬೊಬ್ಬರು ಒಂದೊಂದು ಹೇಳಿದರು: ಹಿಡಿ ತಿರುಚುತ್ತಿದ್ದೀಯ, ಹೆದೆ ಬಿಡುವಾಗ ಕೈ ಆಚೆ ಎಳೆಯುತ್ತೀಯ, ಎಡಗಣ್ಣು ಮುಚ್ಚು. ಎಲ್ಲವನ್ನೂ ತಿದ್ದಿಕೊಂಡು ನೋಡಿದೆ. ಬಾಣ ಮಾತ್ರ ಎಡಕ್ಕೇ ಹೋಯಿತು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂಬ ಗಾದೆ ನೆನಪಾಗಿ ಬಿಲ್ಲಿನ ಮೇಲೆ ತಪ್ಪು ಹೊರಿಸಲು ಮನಸ್ಸು ಬರಲಿಲ್ಲ. ಆದರೆ ಬಿಲ್ಲುಗಾರಿಕೆಯಲ್ಲಿ ನೆಲವೂ ಒಮ್ಮೊಮ್ಮೆ ಡೊಂಕಾಗಿರುತ್ತದೆ. ತಪ್ಪು ನೆಲದ್ದೋ ಕಾಲಿನದ್ದೋ ಎಂದು ಬೇರ್ಪಡಿಸಿ ನೋಡಲು ಬಾರದೆ ನಾನು ನಾಲ್ಕು ತಿಂಗಳು ಕಳೆದುಕೊಂಡೆ. ಹಾಗೆ ಬೇರ್ಪಡಿಸುವ ಕ್ರಮವನ್ನೇ ಇಲ್ಲಿ ಬರೆದಿದ್ದೇನೆ.

ಇಲ್ಲಿ ಹೇಳುವ ಎಡ ಬಲವೆಲ್ಲ ಬಲಗೈಯಲ್ಲಿ ಹೆದೆ ಎಳೆಯುವವರಿಗೆ. ಎಡಗೈಯವರು ತಿರುಗಿಸಿ ಓದಿಕೊಳ್ಳಬೇಕು.

ಮೊದಲು ಬಾಣಗಳಿಗೆ ನಂಬರ್ ಹಾಕಿ

ಏನನ್ನೂ ಬಿಚ್ಚುವ, ತಿರುಗಿಸುವ ಮೊದಲು ಆರು ಬಾಣಗಳ ಗರಿಯ ಮೇಲೆ ಮಾರ್ಕರ್‌ನಿಂದ 1ರಿಂದ 6ರವರೆಗೆ ಬರೆಯಿರಿ. 15 ಮೀಟರ್‌ನಿಂದ ಆರಾರು ಬಾಣದ ಐದು ಸುತ್ತು ಬಿಡಿ. ಪ್ರತಿ ಸುತ್ತಿನ ನಂತರ ಯಾವ ನಂಬರ್ ಎಲ್ಲಿ ನಾಟಿತು ಎಂದು ಪುಸ್ತಕದಲ್ಲಿ ಚುಕ್ಕಿ ಇಟ್ಟು ಬರೆದುಕೊಳ್ಳಿ. ಅರ್ಧ ಗಂಟೆಯ ಈ ಕೆಲಸ ಬೇಸರದ್ದೇ. ಆದರೂ ಇದನ್ನು ಬಿಟ್ಟು ಮುಂದೆ ಹೋದವರು ತಪ್ಪು ಜಾಗದಲ್ಲಿ ಹುಡುಕುತ್ತಾರೆ.

4ನೇ ನಂಬರ್ ಬಾಣವೊಂದೇ ಪ್ರತಿ ಸುತ್ತಿನಲ್ಲೂ ಆಚೆ ಹೋದರೆ ದೋಷ ಆ ಬಾಣದ್ದು. ಅದನ್ನು ಎತ್ತಿಟ್ಟು ಮುಂದುವರಿಯಿರಿ. ಆರೂ ಬಾಣ ಒಂದು ಅಂಗೈ ಅಗಲದಲ್ಲಿ ಗುಂಪಾಗಿ ನಾಟಿ, ಆ ಗುಂಪು ಮಾತ್ರ ನಡುವಿನಿಂದ ದೂರವಿದ್ದರೆ ಸಂತೋಷಪಡಿ: ನಿಮ್ಮ ಕೈ ಸ್ಥಿರವಾಗಿದೆ, ದೋಷ ಬಿಲ್ಲು ಮತ್ತು ಬಾಣದ ಹೊಂದಾಣಿಕೆಯಲ್ಲೋ ಗುರಿ ಹಿಡಿಯುವ ಕಣ್ಣಿನಲ್ಲೋ ಇದೆ. ಬಾಣಗಳು ಮೇಲೆ ಕೆಳಗೆ ಉದ್ದಕ್ಕೆ ಚದುರಿದರೆ ಪ್ರತಿ ಸಲ ಎಳೆಯುವ ಉದ್ದ ಒಂದೇ ಇಲ್ಲ, ಇಲ್ಲವೇ ಹೆದೆಯ ಮೇಲೆ ನಾಕ್ (ಬಾಣದ ಹಿಂತುದಿಯ ಸೀಳು) ಕೂರುವ ಜಾಗ ಜಾರುತ್ತಿದೆ. ಎಡ ಬಲಕ್ಕೆ ಚದುರಿದರೆ ಹೆದೆ ಬಿಡುವ ಬೆರಳು, ಬಿಲ್ಲು ಹಿಡಿದ ಅಂಗೈ, ಅಥವಾ ಗರಿ ಎಲ್ಲೋ ತಾಗುತ್ತಿರುವುದು ಕಾರಣ. ಮೊದಲ ಎರಡು ಸುತ್ತು ಚೆನ್ನಾಗಿದ್ದು ಆಮೇಲೆ ಚದುರುತ್ತ ಹೋದರೆ ಬಿಲ್ಲು ನಿಮ್ಮ ತೋಳಿಗೆ ಭಾರವಾಯಿತು. ಅದಕ್ಕೆ ಟ್ಯೂನಿಂಗ್‌ನಲ್ಲಿ, ಅಂದರೆ ಬಿಲ್ಲು ಬಾಣ ಹೊಂದಿಸುವುದರಲ್ಲಿ, ಮದ್ದಿಲ್ಲ, ಕಡಿಮೆ ಪೌಂಡಿನ ಲಿಂಬ್ ಹಾಕಿಕೊಳ್ಳುವುದೇ ದಾರಿ. ಪೂರ್ತಿ ಎಳೆದು ಐದಾರು ಸೆಕೆಂಡ್ ನಡುಗದೆ ನಿಲ್ಲಲಾಗದ ಬಿಲ್ಲಿನಿಂದ ಯಾರೂ ಏನನ್ನೂ ಕಲಿಯಲಾರರು ಎಂಬುದು ನನ್ನ ಅನುಭವ.

ನನ್ನ ಪುಸ್ತಕದಲ್ಲಿ ಕಂಡದ್ದು ಎರಡನೆಯ ಚಿತ್ರ. ಗುಂಪು ಬಿಗಿಯಾಗಿತ್ತು, ಅದಿದ್ದ ಜಾಗ ಎಡಕ್ಕಿತ್ತು.

ಎಳೆಯುವ ಮುನ್ನ ಬಿಲ್ಲನ್ನು ಕಣ್ಣಲ್ಲಿ ನೋಡಿ, ಕೈಯಲ್ಲಿ ಸವರಿ

ಒಂದು ಹತ್ತಿಯ ಉಂಡೆಯನ್ನು ಎರಡೂ ಲಿಂಬ್‌ಗಳ ಅಂಚಿನುದ್ದಕ್ಕೂ ಸವರಿ. ಎಳೆ ಸಿಕ್ಕಿಕೊಂಡ ಕಡೆ ಫೈಬರ್‌ಗ್ಲಾಸ್ ಎದ್ದಿದೆ ಎಂದರ್ಥ. ಪದರಗಳು ಬಿಟ್ಟುಕೊಂಡ ಗೆರೆ ಕಂಡರೆ ಆ ಬಿಲ್ಲನ್ನು ಎಳೆಯಲೇಬೇಡಿ. ಲಿಂಬ್ ಮುರಿದಾಗ ಅದು ಮುಖದ ಹತ್ತಿರವೇ ಇರುತ್ತದೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನೊಳಗೆ ಬಿಲ್ಲು ಬಿಡುವುದು ಪದರ ಬಿಡಲು ದೊಡ್ಡ ಕಾರಣ. ಕಲಬುರಗಿ, ರಾಯಚೂರಿನ ಕಡೆಯ ಏಪ್ರಿಲ್ ಬಿಸಿಲಲ್ಲಿ ಒಂದು ಮಧ್ಯಾಹ್ನ ಹಾಗೆ ಬಿಟ್ಟರೂ ಲಿಂಬ್‌ನ ಅಂಟಿಗೆ ಪೆಟ್ಟು. ಬಾಣವಿಲ್ಲದೆ ಹೆದೆ ಎಳೆದು ಬಿಡುವುದು ಇನ್ನೊಂದು ಕಾರಣ. ಬಿಲ್ಲನ್ನು ನೋಡಲು ಕೈಗೆ ತೆಗೆದುಕೊಂಡ ನೆಂಟರ ಮಕ್ಕಳು ಮಾಡುವ ಮೊದಲ ಕೆಲಸವೇ ಅದು, ಆದ್ದರಿಂದ ಕೊಡುವ ಮೊದಲೇ ಹೇಳಿಬಿಡಿ.

ಕಾರ್ಬನ್ ಬಾಣಗಳನ್ನು ಎರಡೂ ತುದಿ ಹಿಡಿದು ಮೆಲ್ಲಗೆ ಬಾಗಿಸಿ, ಕಿವಿಯ ಹತ್ತಿರ ಹಿಡಿದು ಕೇಳಿ. ಚಿಟಚಿಟ ಸದ್ದು ಬಂದರೆ ಕಸದ ಬುಟ್ಟಿಗೆ. ಬಿರುಕು ಬಿಟ್ಟ ಕಾರ್ಬನ್ ಬಾಣ ಹೆದೆ ಬಿಟ್ಟಾಗ ಸೀಳಿ ಎಡಗೈಗೆ ಚುಚ್ಚಿಕೊಳ್ಳಬಹುದು.

ಟೇಕ್‌ಡೌನ್ ಆದರೆ ಮೇಲಿನ ಲಿಂಬ್ ಕೆಳಗೆ, ಕೆಳಗಿನದು ಮೇಲೆ ಕೂತಿಲ್ಲವಷ್ಟೇ ಎಂದೂ ನೋಡಿಕೊಳ್ಳಿ. ಬಹುತೇಕ ಟೇಕ್‌ಡೌನ್‌ಗಳಲ್ಲಿ ಪೌಂಡ್ ಮತ್ತು ಉದ್ದ ಬರೆದ ಲಿಂಬ್ ಕೆಳಗಿನದು. ಅನುಮಾನವಿದ್ದರೆ ಹೆದೆ ಏರಿಸಿ, ಎರಡೂ ಲಿಂಬ್‌ಗಳು ರೈಸರ್‌ಗೆ (ಹಿಡಿಯಿರುವ ನಡುವಿನ ಗಟ್ಟಿ ಭಾಗ) ಸೇರುವ ಜಾಗದಿಂದ ಹೆದೆಯವರೆಗಿನ ದೂರ ಅಳೆಯಿರಿ. ಈ ಅಳತೆಗಳ ವ್ಯತ್ಯಾಸವೇ ಟಿಲ್ಲರ್. ನಾಕ್‌ನ ಮೇಲೆ ಒಂದು, ಕೆಳಗೆ ಎರಡು ಬೆರಳಿಟ್ಟು ಎಳೆಯುವವರಿಗೆ ಮೇಲಿನ ಅಳತೆ 3ರಿಂದ 6 ಮಿಲಿಮೀಟರ್ ಹೆಚ್ಚಿರಬೇಕು. ಮೂರೂ ಬೆರಳನ್ನು ನಾಕ್‌ನ ಕೆಳಗಿಡುವವರಿಗೆ ಎರಡೂ ಹೆಚ್ಚುಕಡಿಮೆ ಸಮವಿದ್ದರೆ ಒಳ್ಳೆಯದು.

ಲಿಂಬ್ ತಿರುಚಿದೆಯೇ ಎಂದು ನೋಡಲು ಹೆದೆ ಏರಿಸಿದ ಬಿಲ್ಲನ್ನು ಎರಡು ಕುರ್ಚಿಗಳ ಬೆನ್ನಿನ ಮೇಲೆ ಅಡ್ಡಲಾಗಿಟ್ಟು ಹೆದೆಯ ಕಡೆಯಿಂದ ಉದ್ದಕ್ಕೆ ನೋಡಿ. ಹೆದೆ ಎರಡೂ ಲಿಂಬ್‌ಗಳ ನಡುಗೆರೆಯ ಮೇಲೆ ಹಾದು ಹೋಗಬೇಕು. ಒಂದು ತುದಿಯಲ್ಲಿ ಪಕ್ಕಕ್ಕೆ ಸರಿದಿದ್ದರೆ ಹೆದೆಯ ಕುಣಿಕೆ ತೋಡಿನಲ್ಲಿ ಸರಿಯಾಗಿ ಕೂತಿದೆಯೇ, ಲಿಂಬ್‌ನ ಬೋಲ್ಟ್ ಬಿಗಿಯಾಗಿದೆಯೇ ಎಂದು ಮೊದಲು ಪರೀಕ್ಷಿಸಿ. ಎರಡೂ ಸರಿಯಿದ್ದು ಹೆದೆ ಓರೆಯಾಗಿಯೇ ಇದ್ದರೆ ಲಿಂಬ್ ತಿರುಚಿದೆ. ಬಿಲ್ಲನ್ನು ತಿಂಗಳುಗಟ್ಟಲೆ ಮೂಲೆಗೆ ಒರಗಿಸಿಡುವುದು, ಸ್ಟ್ರಿಂಗರ್ (ಹೆದೆ ಏರಿಸುವ ಹಗ್ಗ) ಇಲ್ಲದೆ ಕಾಲಿನ ನಡುವೆ ತೂರಿಸಿ ಹೆದೆ ಏರಿಸುವುದು ಇದಕ್ಕೆ ಮುಖ್ಯ ಕಾರಣಗಳು. ಅಲ್ಪ ತಿರುಚು ಆದರೆ ಹೆದೆ ಇಳಿಸಿ, ಲಿಂಬನ್ನು ಎದುರು ದಿಕ್ಕಿಗೆ ಮೆಲ್ಲಗೆ ತಿರುಚಿ ಒಂದೆರಡು ನಿಮಿಷ ಹಿಡಿದು, ಕೆಲವು ದಿನ ಹೀಗೇ ಮಾಡಿದರೆ ಸರಿಹೋಗಬಹುದು. ಕುಣಿಕೆಯೇ ಕಳಚಿಕೊಳ್ಳುವಷ್ಟು ತಿರುಚಿದ್ದರೆ ಬಿಲ್ಲು ಮಾಡುವವರ ಕೈಗೆ ಒಪ್ಪಿಸಿ.

ಹೆದೆ ಎಷ್ಟು ಎತ್ತರದಲ್ಲಿರಬೇಕು

ಹಿಡಿಯ ಅತಿ ಆಳದ ಜಾಗದಿಂದ ಹೆದೆಯವರೆಗಿನ ದೂರವೇ ಬ್ರೇಸ್ ಹೈಟ್. 60, 62 ಇಂಚಿನ ಸಾಂಪ್ರದಾಯಿಕ ರಿಕರ್ವ್‌ಗಳಿಗೆ ಅದು ಸಾಮಾನ್ಯವಾಗಿ 7ರಿಂದ 8 ಇಂಚಿನ ಆಸುಪಾಸು. ನಿಮ್ಮ ಬಿಲ್ಲಿಗೆ ತಯಾರಕರು ಹೇಳಿದ ಅಳತೆಯಿದ್ದರೆ ಅದನ್ನೇ ಹಿಡಿದು ಕೆಳಗಿನ ಅಂಚಿನಿಂದ ಶುರುಮಾಡಿ. ಹೆದೆಯ ಒಂದು ಕುಣಿಕೆ ಬಿಡಿಸಿ, ಈಗಾಗಲೇ ಸುತ್ತಿರುವ ದಿಕ್ಕಿಗೇ ನಾಲ್ಕೈದು ಸುತ್ತು ಹೆಚ್ಚಿಸಿದರೆ ಹೆದೆ ಗಿಡ್ಡವಾಗಿ ಬ್ರೇಸ್ ಹೈಟ್ ಸ್ವಲ್ಪ ಏರುತ್ತದೆ. ಪ್ರತಿ ಸಲ ಆರು ಬಾಣ ಬಿಟ್ಟು ಕಿವಿಗೊಟ್ಟು ಕೇಳಿ. ತೀರಾ ಕೆಳಗಿದ್ದಾಗ ಬಿಲ್ಲು ಝಣಝಣ ಎನ್ನುತ್ತದೆ, ಹೆದೆ ಮಣಿಕಟ್ಟಿಗೆ ಬಡಿಯುತ್ತದೆ. ಏರಿಸುತ್ತ ಹೋದಂತೆ ಒಂದು ಅಳತೆಯಲ್ಲಿ ಸದ್ದು ಮೊಟಕಾಗಿ ಹಿಡಿಯ ನಡುಕ ಇಳಿಯುತ್ತದೆ. ಅಲ್ಲಿ ನಿಲ್ಲಿಸಿ. ನನ್ನ ಬಿಲ್ಲಿಗೆ ಅದು 7¾ ಇಂಚು.

ಡಾಕ್ರಾನ್ ಎಂಬ ಹಿಗ್ಗುವ ದಾರದ ಹೊಸ ಹೆದೆ ಮೊದಲ ನೂರು ಬಾಣದವರೆಗೂ ಹಿಗ್ಗುತ್ತಿರುತ್ತದೆ. ನಿನ್ನೆ ಸರಿಯಿದ್ದ ಬಿಲ್ಲು ಇವತ್ತು ಕೆಟ್ಟಂತೆ ಕಾಣಲು ಇದೊಂದೇ ಸಾಕು. ಹಾಗೆಂದು ಹಿಗ್ಗದ ಫಾಸ್ಟ್ ಫ್ಲೈಟ್ ಹೆದೆಯನ್ನು ಹಳೆಯ ಬಿಲ್ಲಿಗೆ ಹಾಕಬೇಡಿ. ತುದಿಗಳನ್ನು ಗಟ್ಟಿಗೊಳಿಸದ ಲಿಂಬ್‌ಗಳನ್ನು ಅದು ಸೀಳಿಬಿಡುತ್ತದೆ.

ನಾಕ್ ಮತ್ತು ಶೆಲ್ಫ್

ನಾಕ್ ಕೂರುವ ಗುರುತನ್ನು, ಶೆಲ್ಫ್‌ನಿಂದ ಹೆದೆಗೆ ಲಂಬವಾಗಿ (90 ಡಿಗ್ರಿಯಲ್ಲಿ) ಎಳೆದ ಗೆರೆಗಿಂತ ಅರ್ಧ ಇಂಚು ಮೇಲೆ ಕಟ್ಟಿ ಶುರುಮಾಡಿ. ಮೂರು ಬೆರಳು ಕೆಳಗಿಡುವವರಿಗೆ ಇನ್ನೂ ಸ್ವಲ್ಪ ಮೇಲೆ ಬೇಕಾಗುತ್ತದೆ. ಜೊತೆಗೆ ನಾಕ್‌ನ ಕೆಳಗೂ ಒಂದು ಗುರುತು ಕಟ್ಟಿಕೊಳ್ಳಬೇಕು, ಇಲ್ಲದಿದ್ದರೆ ಎಳೆಯುವಾಗ ಬಾಣ ಹೆದೆಯ ಮೇಲೆ ಕೆಳಗೆ ಜಾರುತ್ತದೆ. ಹಿತ್ತಾಳೆಯ ಉಂಗುರಕ್ಕಿಂತ ಮೇಣ ಹಚ್ಚಿದ ದಾರದ ಗಂಟು ನನಗೆ ಇಷ್ಟ. ತಿರುಗಿಸಿದಂತೆ ಮೇಲೆ ಕೆಳಗೆ ಕೂದಲೆಳೆಯಷ್ಟು ಸರಿಸಬಹುದು.

ನಾಕ್‌ನ ಬಿಗುವನ್ನು ಎಲ್ಲರೂ ಮರೆಯುತ್ತಾರೆ. ಬಾಣವನ್ನು ಹೆದೆಗೆ ಸಿಕ್ಕಿಸಿ ಮೊನೆ ಕೆಳಗೆ ಮಾಡಿ ತೂಗಾಡಿಸಿ, ಹೆದೆಗೆ ಬೆರಳಿಂದ ಒಮ್ಮೆ ತಟ್ಟಿ. ಬಾಣ ಉದುರಬೇಕು. ಉದುರದಿದ್ದರೆ ನಾಕ್ ಬಿಗಿ, ತಟ್ಟುವ ಮೊದಲೇ ಬಿದ್ದರೆ ಸಡಿಲ. ಆರು ಬಾಣಗಳಲ್ಲಿ ಎರಡರ ನಾಕ್ ಬಿಗಿಯಿದ್ದರೆ ಆ ಎರಡು ಬೇರೆ ಕಡೆಯೇ ನಾಟುತ್ತವೆ, ನಂಬರ್ ಹಾಕಿದ್ದರೆ ಅದು ಪುಸ್ತಕದಲ್ಲೇ ಸಿಕ್ಕಿರುತ್ತದೆ.

ಶೆಲ್ಫ್‌ನ ಮೇಲಿನ ಚರ್ಮ ಸವೆದು ತಳ ಕಾಣುತ್ತಿದ್ದರೆ ಬದಲಿಸಿ. ಬದಲಿಸುವಾಗ ಹಿಡಿಯ ಅತಿ ಆಳದ ಜಾಗದ ನೇರಕ್ಕೆ, ಚರ್ಮದ ಅಡಿಯಲ್ಲಿ ಒಂದು ಬೆಂಕಿಕಡ್ಡಿ ಅಡ್ಡಲಾಗಿ ಅಂಟಿಸಿ. ಬಾಣ ಇಡೀ ಶೆಲ್ಫ್‌ಗೆ ಒರೆಸಿಕೊಂಡು ಹೋಗುವ ಬದಲು ಒಂದೇ ಜಾಗದಲ್ಲಿ ತಾಗಿ ಹೋಗುತ್ತದೆ. ಹಿಡಿ ತುಸು ತಿರುಗಿದರೂ ಆಗ ಬಾಣಕ್ಕೆ ಅದರ ಏಟು ಕಡಿಮೆ.

ಶೆಲ್ಫ್ ಮೇಲಿಂದ ಬಿಡುವ ಬಾಣಕ್ಕೆ ಹಕ್ಕಿಯ ಗರಿಯೇ ಇರಬೇಕು. ಗರಿಯ ಬದಲು ಅಂಟಿಸುವ ಪ್ಲಾಸ್ಟಿಕ್ ವೇನ್ ಬಾಗುವುದಿಲ್ಲ, ಶೆಲ್ಫ್‌ಗೆ ಒದ್ದು ಬಾಣವನ್ನು ಓರೆ ಮಾಡುತ್ತದೆ. ಗರಿ ಎಲ್ಲಿ ತಾಗುತ್ತಿದೆ ಎಂದು ನೋಡಲು ಶೆಲ್ಫ್ ಮತ್ತು ಅದರ ಪಕ್ಕದ ಗೋಡೆಗೆ (ಬಾಣ ಒರಗುವ ರೈಸರ್‌ನ ಬದಿ) ಮುಖದ ಪೌಡರ್ ಉದುರಿಸಿ ಒಂದು ಬಾಣ ಬಿಡಿ. ಗರಿ ಸವರಿದ ತೆಳು ಗೆರೆ ಇದ್ದರೆ ಚಿಂತೆಯಿಲ್ಲ. ಪೌಡರ್ ಕಿತ್ತುಕೊಂಡು ಹೋದ ಗುರುತಿದ್ದರೆ ನಾಕ್ ತಿರುಗಿಸಿ ಗರಿಗಳ ಕೋನ ಬದಲಿಸಿ ನೋಡಿ. ಮಲೆನಾಡಿನ ಮಳೆಗಾಲದಲ್ಲಿ ಗರಿ ಒದ್ದೆಯಾಗಿ ಅಂಟಿಕೊಂಡರೆ ಅದು ಬಾಣವನ್ನು ತಿದ್ದುವುದಿಲ್ಲ. ಒಣಗಿದ ಮೇಲೆ ಕುದಿಯುವ ಕೆಟಲ್‌ನ ಹಬೆಗೆ ಒಂದು ಕ್ಷಣ ಹಿಡಿದರೆ ಗರಿ ಮತ್ತೆ ಎದ್ದು ನಿಲ್ಲುತ್ತದೆ.

ಬಾಣದ ಬಿಗುವು: ಬಹುಪಾಲು ಎಡ ಬಲದ ಕಾಯಿಲೆಯ ಮೂಲ

ಮೇಲಿನದ್ದೆಲ್ಲ ಮಾಡಿದರೂ ನನ್ನ ಬಾಣಗಳು ಎಡದಲ್ಲೇ ಇದ್ದವು. ಕಾರಣ ಬಾಣದ ಸ್ಪೈನ್, ಅಂದರೆ ಅದು ಎಷ್ಟು ಬಾಗುತ್ತದೆ ಎಂಬುದು.

ಬಿಲ್ಲಿನ ನಡುವೆ ರೈಸರ್ ಅಡ್ಡ ಇದೆ, ಬಾಣ ಅದರ ಪಕ್ಕದಲ್ಲಿ ಕೂತಿದೆ. ಹೆದೆ ಮುಂದಕ್ಕೆ ಧಾವಿಸುವುದು ರೈಸರ್‌ನ ನಡುವಿಗೆ. ಹಾಗಾದರೆ ಬಾಣ ರೈಸರ್‌ಗೆ ಬಡಿದು ಪಕ್ಕಕ್ಕೆ ಹೋಗಬೇಕಲ್ಲ? ಹೋಗುವುದಿಲ್ಲ. ಬೆರಳುಗಳಿಂದ ಜಾರುವಾಗ ಹೆದೆ ಪಕ್ಕಕ್ಕೂ ಸರಿಯುತ್ತದೆ, ಹಿಂದಿನಿಂದ ನೂಕಿಸಿಕೊಂಡ ಬಾಣ ಬಿಲ್ಲಾಗಿ ಬಾಗುತ್ತದೆ, ಮತ್ತೆ ಎದುರು ದಿಕ್ಕಿಗೆ ಬಾಗುತ್ತದೆ, ಹೀಗೆ ತೊನೆಯುತ್ತ ರೈಸರನ್ನು ಬಳಸಿಕೊಂಡು ಹಾದುಹೋಗುತ್ತದೆ. 1930ರ ದಶಕದಲ್ಲಿ ಅಮೆರಿಕದ ಭೌತವಿಜ್ಞಾನಿ ಕ್ಲಾರೆನ್ಸ್ ಹಿಕ್‌ಮನ್ ಅತಿವೇಗದ ಕ್ಯಾಮೆರಾದಲ್ಲಿ ಇದನ್ನು ಹಿಡಿದು ತೋರಿಸಿದರು. ಈಗ ನಿಮ್ಮ ಫೋನಿನ ಸ್ಲೋ ಮೋಷನ್‌ನಲ್ಲೇ ಅದರ ಒಂದಿಷ್ಟು ಕಾಣುತ್ತದೆ. ಒಮ್ಮೆ ನೋಡಿ, ಮೈ ಜುಮ್ಮೆನ್ನುತ್ತದೆ.

ಬಾಣ ಬಿಲ್ಲಿನ ಶಕ್ತಿಗೆ ಬೇಕಾದಷ್ಟೇ ಬಾಗಿದರೆ ನೇರ ಹೋಗುತ್ತದೆ. ಗಡುಸಾಗಿದ್ದರೆ ಬಾಗದೆ ರೈಸರನ್ನು ಒದ್ದು ಎಡಕ್ಕೆ ಹೋಗುತ್ತದೆ. ಮೆದುವಾಗಿದ್ದರೆ ಅತಿಯಾಗಿ ಬಾಗಿ ಬಲಕ್ಕೆ ಹೋಗುತ್ತದೆ.

ಕಾರ್ಬನ್ ಬಾಣದ ಮೇಲೆ 500, 600 ಎಂದು ಬರೆದಿರುತ್ತದಲ್ಲ, ಅದು 28 ಇಂಚು ಅಂತರದ ಎರಡು ಆಧಾರಗಳ ಮೇಲಿಟ್ಟು ನಡುವೆ 880 ಗ್ರಾಂ ತೂಗುಹಾಕಿದಾಗ ಬಾಣ ಎಷ್ಟು ಜಗ್ಗಿತು ಎಂಬ ಲೆಕ್ಕ, ಇಂಚಿನ ಸಾವಿರದ ಭಾಗಗಳಲ್ಲಿ. 500 ಎಂದರೆ ಅರ್ಧ ಇಂಚು. ಆದ್ದರಿಂದ ಸಂಖ್ಯೆ ದೊಡ್ಡದಾದಷ್ಟೂ ಬಾಣ ಮೆದು. ಮರದ ಬಾಣಗಳಿಗೆ ಲೆಕ್ಕ ಬೇರೆ. ಅವುಗಳ ಸ್ಪೈನನ್ನು ಪೌಂಡ್‌ಗಳಲ್ಲಿ ಹೇಳುತ್ತಾರೆ, ಅಲ್ಲಿ ಸಂಖ್ಯೆ ದೊಡ್ಡದಾದರೆ ಬಾಣ ಗಡುಸು. ಹೊಸಬರು ಇಲ್ಲೇ ಎಡವುತ್ತಾರೆ. ನಮ್ಮ ದೇಶದ ಇಂಡಿಯನ್ ರೌಂಡ್ ಸ್ಪರ್ಧೆಯಲ್ಲಿ 30 ಮತ್ತು 50 ಮೀಟರ್‌ಗೆ ಬಿದಿರಿನ ಬಿಲ್ಲು ಹಿಡಿಯುವವರಿಗೂ ಈ ತತ್ವ ಅಷ್ಟೇ ಅನ್ವಯಿಸುತ್ತದೆ.

ನನಗೆ ಅಂಗಡಿಯಲ್ಲಿ ಕೊಟ್ಟದ್ದು 500 ಸ್ಪೈನ್, 28½ ಇಂಚಿಗೆ ಕತ್ತರಿಸಿದ್ದು, 100 ಗ್ರೇನ್ (ತೂಕದ ಸಣ್ಣ ಅಳತೆ) ಮೊನೆ. ಬಿಲ್ಲು 35 ಪೌಂಡ್ ಎಂದು ಹೇಳಿದ್ದಕ್ಕೆ ಕೊಟ್ಟರು. ಆದರೆ ಲಿಂಬ್ ಮೇಲಿನ 35 ಎನ್ನುವುದು 28 ಇಂಚು ಎಳೆದಾಗಿನ ತೂಕ. ಗೆಳೆಯನೊಬ್ಬನನ್ನು ಪಕ್ಕಕ್ಕೆ ನಿಲ್ಲಿಸಿಕೊಂಡು ಪೂರ್ತಿ ಎಳೆದು, ಬಿಲ್ಲಿನ ಮುಂಬದಿಯ ನೇರಕ್ಕೆ ಬಾಣದ ಮೇಲೆ ಗೆರೆ ಹಾಕಿಸಿದೆ. ನನ್ನ ಎಳೆತ 26½ ಇಂಚು. ಒಂದಿಂಚು ಕಡಿಮೆಯಾದರೆ ಎರಡು, ಎರಡೂವರೆ ಪೌಂಡ್ ಇಳಿಯುತ್ತದೆ. ಲಗೇಜ್ ತೂಗುವ ಕೊಕ್ಕೆ ತಕ್ಕಡಿಯನ್ನು ಹೆದೆಗೆ ಸಿಕ್ಕಿಸಿ ಅಷ್ಟೇ ಉದ್ದ ಎಳೆದು ನೋಡಿದರೆ 31 ಪೌಂಡ್ ಚಿಲ್ಲರೆ ತೋರಿಸಿತು. 31 ಪೌಂಡಿನ ಬಿಲ್ಲಿಗೆ ಆ ಬಾಣ ಸಲಾಕೆ ಇದ್ದ ಹಾಗೆ. ನಾಲ್ಕು ತಿಂಗಳ ಒಗಟು ಹತ್ತು ನಿಮಿಷದಲ್ಲಿ ಬಿಡಿಸಿಕೊಂಡಿತು. ಅಂದು ನನಗಾದ ನಿರಾಳವನ್ನು ಇನ್ನೂ ಮರೆತಿಲ್ಲ.

ಬೋಳು ಬಾಣದ ಪರೀಕ್ಷೆ

ಗರಿ ಬಾಣದ ತಪ್ಪನ್ನು ದಾರಿಯಲ್ಲೇ ತಿದ್ದುತ್ತದೆ, ಹಾಗಾಗಿ ತಪ್ಪನ್ನು ಮುಚ್ಚಿಡುತ್ತದೆ ಕೂಡ. ಗರಿ ಕಿತ್ತ ಎರಡು ಬಾಣ ಸಿದ್ಧಮಾಡಿಕೊಳ್ಳಿ. ಗರಿಯ ತೂಕಕ್ಕೆ ಸಮನಾಗಿ ಹಿಂಭಾಗಕ್ಕೆ ಒಂದೆರಡು ಸುತ್ತು ಟೇಪ್ ಹಚ್ಚಿ. ಮೊದಲು ಐದಾರು ಮೀಟರ್‌ನಿಂದ, ಆಮೇಲೆ 15 ಮೀಟರ್‌ನಿಂದ ಮೂರು ಗರಿಯ ಬಾಣ, ಎರಡು ಬೋಳು ಬಾಣ ಬಿಡಿ. ಗುರಿ ಮೆತ್ತಗಿರಲಿ. ಗೋಣಿಚೀಲಕ್ಕೆ ಹಳೆ ಬಟ್ಟೆ ತುಂಬಿದ್ದು ಸಾಕು. ಓರೆಯಾಗಿ ಬಂದ ಬೋಳು ಬಾಣ ಗಟ್ಟಿ ಗುರಿಗೆ ಬಡಿದರೆ ಮುರಿಯುತ್ತದೆ.

ಮೊದಲು ಮೇಲೆ ಕೆಳಗನ್ನು ಸರಿಪಡಿಸಿ, ಆಮೇಲೆ ಎಡ ಬಲ. ಬೋಳು ಬಾಣ ಗರಿಯ ಬಾಣಗಳಿಗಿಂತ ಕೆಳಗೆ ನಾಟಿದರೆ ನಾಕ್ ಗುರುತು ಮೇಲಾಗಿದೆ, ಇಳಿಸಿ. ಮೇಲೆ ನಾಟಿದರೆ ಗುರುತು ಕೆಳಗಿದೆ, ಏರಿಸಿ. ಇಲ್ಲೊಂದು ಮೋಸವಿದೆ: ಗುರುತು ತೀರಾ ಕೆಳಗಿದ್ದರೆ ಬಾಣದ ಬಾಲ ಶೆಲ್ಫ್‌ಗೆ ಬಡಿದು ಮೇಲಕ್ಕೆ ಪುಟಿಯುತ್ತದೆ, ಗುರುತು ಮೇಲಿದೆಯೇನೋ ಎಂದು ಕಾಣುತ್ತದೆ. ಅದಕ್ಕೇ ನಾನು ಬೇಕೆಂದೇ ಗುರುತನ್ನು ಎತ್ತರದಲ್ಲಿ ಕಟ್ಟಿ, ಅಲ್ಲಿಂದ ಒಂದೊಂದು ಮಿಲಿಮೀಟರ್ ಇಳಿಸುತ್ತ ಬರುತ್ತೇನೆ.

ಆಮೇಲೆ ಪಕ್ಕ. ಬೋಳು ಬಾಣ ಎಡಕ್ಕೆ ಹೋದರೆ ಗಡುಸು, ಬಲಕ್ಕೆ ಹೋದರೆ ಮೆದು. ಬಾಣ ನಾಟಿ ನಿಂತ ಓರೆಯನ್ನು ನೋಡಿ ತೀರ್ಮಾನಿಸಬೇಡಿ, ಗುರಿಯ ಒಳಗಿನ ಪದರಗಳೇ ಅದನ್ನು ತಿರುಗಿಸಬಹುದು. ನಾಟಿದ ಜಾಗವನ್ನು ನಂಬಿ.

ಗಡುಸು ಬಾಣವನ್ನು ಮೆದು ಮಾಡಲು ಭಾರದ ಮೊನೆ ಹಾಕಿ, ಅಥವಾ ಶೆಲ್ಫ್ ಪಕ್ಕದ ಗೋಡೆಯ ಚರ್ಮ ತೆಳ್ಳಗೆ ಮಾಡಿ ಬಾಣವನ್ನು ನಡುವಿಗೆ ತನ್ನಿ. ಮೆದು ಬಾಣಕ್ಕೆ ಹಗುರ ಮೊನೆ, ಅಥವಾ ಗೋಡೆಗೆ ಇನ್ನೊಂದು ಪದರ ಚರ್ಮ, ಅಥವಾ ಬಾಣವನ್ನು ಕಾಲು ಕಾಲು ಇಂಚು ಕತ್ತರಿಸುವುದು. ಕತ್ತರಿಸಿದ್ದು ಮತ್ತೆ ಬೆಳೆಯದು, ಹಾಗಾಗಿ ಅದು ಕೊನೆಯ ಅಸ್ತ್ರ. ಕಾರ್ಬನ್ ಕತ್ತರಿಸುವಾಗ ಮೂಗಿಗೆ ಮಾಸ್ಕ್ ಇರಲಿ, ಆ ಧೂಳು ಶ್ವಾಸಕೋಶಕ್ಕೆ ಹೋಗಬಾರದು. 100, 125, 145, 175 ಗ್ರೇನ್‌ನ ತಿರುಪಿನ ಮೊನೆಗಳನ್ನು ಎರಡೆರಡು ಇಟ್ಟುಕೊಂಡರೆ ಪರೀಕ್ಷೆ ಸಲೀಸು. ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬರೆದಿಡಿ. ಮೊನೆಯನ್ನೂ ಬ್ರೇಸ್ ಹೈಟನ್ನೂ ಒಟ್ಟಿಗೆ ಬದಲಿಸಿದ ದಿನ ನೀವು ಏನನ್ನೂ ತಿಳಿದುಕೊಳ್ಳುವುದಿಲ್ಲ.

ನನ್ನ 500 ಸ್ಪೈನ್ ಬೋಳು ಬಾಣಗಳು ಗರಿಯ ಬಾಣಗಳಿಗಿಂತ ಇನ್ನೂ ಒಂದು ಗೇಣು ಎಡಕ್ಕೆ ಬಿದ್ದವು. 175 ಗ್ರೇನ್ ಮೊನೆ ಹಾಕಿದಾಗ ನಾಲ್ಕು ಬೆರಳಿನಷ್ಟು ಹತ್ತಿರ ಬಂದವು, ಅಷ್ಟೇ. 600 ಸ್ಪೈನ್‌ನ ಕತ್ತರಿಸದ 30 ಇಂಚಿನ ಬಾಣ ತಂದೆ. 125 ಗ್ರೇನ್‌ನಲ್ಲಿ ಎರಡು ಬೆರಳು ಎಡಕ್ಕೆ, 145ರಲ್ಲಿ ಗರಿಯ ಬಾಣಗಳ ನಡುವೆಯೇ ಬೋಳು ಬಾಣವೂ ನಾಟಿತು.

ಇಷ್ಟಾದರೂ ತಪ್ಪುತ್ತಿದ್ದರೆ

ಬೋಳು ಬಾಣ ಹೊಂದಿಕೊಂಡ ಮೇಲೂ ಗುಂಪು ಎಡಕ್ಕಿದ್ದರೆ ಕಣ್ಣು ನೋಡಿ. ಎರಡೂ ಕೈ ಚಾಚಿ ಹಸ್ತಗಳ ನಡುವೆ ಸಣ್ಣ ಕಿಂಡಿ ಮಾಡಿ ದೂರದ ಒಂದು ವಸ್ತು ನೋಡುತ್ತ, ಒಂದೊಂದೇ ಕಣ್ಣು ಮುಚ್ಚಿ. ಎಡಗಣ್ಣಿಗೆ ಮಾತ್ರ ವಸ್ತು ಕಂಡರೆ ನಿಮ್ಮದು ಎಡಗಣ್ಣಿನ ಗುರಿ. ಬಲಗೈಯಲ್ಲಿ ಎಳೆಯುವವರಿಗೆ ಆಗ ಬಾಣ ಬಹಳ ಎಡಕ್ಕೆ ಹೋಗುತ್ತದೆ. ಹೊಸಬರಾದರೆ ಎಡಗೈ ಬಿಲ್ಲಿಗೆ ಬದಲಾಗುವುದು ಉತ್ತಮ.

ಚದುರುವಿಕೆ ಉಳಿದಿದ್ದರೆ ಗುರಿಯ ಮೇಲಿನ ಕಾಗದ ಕಳಚಿಟ್ಟು, ಮೂರು ಮೀಟರ್ ದೂರ ನಿಂತು ಬರೀ ಗೋಣಿಚೀಲಕ್ಕೆ ಬಿಡಿ. ಪಕ್ಕದಿಂದ ಫೋನ್‌ನಲ್ಲಿ ಚಿತ್ರೀಕರಿಸಿ. ಬಿಡುವ ಕ್ಷಣಕ್ಕೆ ಬಾಣದ ಮೊನೆ ಮುಂದಕ್ಕೆ ತೆವಳಿದರೆ ಎಳೆತ ಕುಸಿಯುತ್ತಿದೆ, ಬಾಣ ಕೆಳಗೆ ಬೀಳುವುದು ಅದಕ್ಕೆ. ಹಿಂದಿನಿಂದ ತೆಗೆದ ಚಿತ್ರದಲ್ಲಿ ಬಲಗೈ ಕೆನ್ನೆ ಬಿಟ್ಟು ಆಚೆಗೆ ಹಾರಿದರೆ ಅದು ಹೆದೆ ಕೀಳುವ ಚಾಳಿ. ಬಿಲ್ಲಿನ ಕೈಯ ಹೆಬ್ಬೆರಳ ಬುಡದ ಉಬ್ಬಿನ ಮೇಲೆ ಮಾತ್ರ ಹಿಡಿ ಒರಗಿರಬೇಕು. ಬೆರಳುಗಳು ಬಿಗಿಹಿಡಿದಿದ್ದರೆ ಗೆಣ್ಣು ಬಿಳಿಚಿರುತ್ತದೆ, ಚಿತ್ರದಲ್ಲಿ ಅದೂ ಕಾಣುತ್ತದೆ.

ನನ್ನ ಬತ್ತಳಿಕೆಯ ಒಳಗೆ ಒಂದು ಚೀಟಿ ಇದೆ: ಬ್ರೇಸ್ 7¾, ನಾಕ್ ಗುರುತು 13 ಮಿ.ಮೀ., ಟಿಲ್ಲರ್ 4 ಮಿ.ಮೀ., 600, 30 ಇಂಚು, 145 ಗ್ರೇನ್. ಹೊಸ ಹೆದೆ ಹಾಕಿದಾಗ, ಮಳೆಗಾಲ ಮುಗಿದಾಗ, ಬಿಲ್ಲು ಬಸ್ಸಿನಲ್ಲಿ ಪ್ರಯಾಣ ಮಾಡಿ ಬಂದಾಗ ಮೊದಲು ಆ ಅಳತೆಗಳನ್ನು ನೋಡಿ, ಎರಡು ಬೋಳು ಬಾಣ ಬಿಟ್ಟು, ಆಮೇಲೆ ಅಭ್ಯಾಸಕ್ಕೆ ನಿಲ್ಲುತ್ತೇನೆ.